ಬಿಟ್ಟ ಕಣ್ಣು

ನಮ್ಮನೆಯವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ. ಮದುವೆಯಾದ ಹೊಸದರಲ್ಲಿ ಇದು ಗೊತ್ತಿಲ್ಲದೆ, ತವರಿನ ಸುದ್ದಿಯನ್ನೆಲ್ಲ ಅವರ ಮುಂದೆ ಹರಡಿಕೊಂಡು ಕೂರುತ್ತಿದ್ದೆ. ನಡುನಡುವೆ "ಹ್ಞೂಂ" ಅನ್ನುತ್ತಿದ್ದರು. ಹೆಂಡತಿಯ ಮಾತನ್ನು ರೆಪ್ಪೆ ಬಡಿಯದೆ ಕೇಳುವ ಗಂಡ ಸಿಕ್ಕಿದನಲ್ಲ ಎಂದು ಬೀಗಿದ್ದೆ. ಆ "ಹ್ಞೂಂ" ಕೂಡ ನಿದ್ದೆಯದೇ ಎಂದು ಅತ್ತೆ ಹೇಳಿದ ಮೇಲೆಯೇ ತಿಳಿದದ್ದು. ನಮ್ಮನೆಯವರಿಗೆ ಹೇಳಿದರೆ ನಂಬುತ್ತಿರಲಿಲ್ಲ. ತನ್ನ ನಿದ್ದೆಯನ್ನು ತಾನೇ ನೋಡಿದವರು ಯಾರಿದ್ದಾರೆ?

ಲಾರಿ ಕಂಪನಿಯಲ್ಲಿ ಅವರಿಗೆ ಎಚ್ಚರಣ್ಣ ಎಂದೇ ಹೆಸರು. ಕ್ಯಾಬಿನ್ನಿನಲ್ಲಿ ಡ್ರೈವರ್ ಮುಖಕ್ಕೆ ಹಿಡಿದ ಹಾಗೆ ಒಂದು ಕ್ಯಾಮೆರಾ ಇರುತ್ತದೆ, ರೆಪ್ಪೆ ಮುಚ್ಚಿದರೆ ಕಿರುಚಿಕೊಳ್ಳುತ್ತದೆ. ಎಲ್ಲರ ಲಾರಿಯಲ್ಲೂ ಕಿರುಚಿದೆ, ಇವರದರಲ್ಲಿ ಒಮ್ಮೆಯೂ ಇಲ್ಲ. ಅದಕ್ಕೇ ಸುರಕ್ಷತಾ ತರಬೇತಿಯ ದಿನ ಇವರಿಗೆ ಹೊಸ ಲಾರಿ ಕೊಡುವುದೆಂದು ತೀರ್ಮಾನವಾಗಿತ್ತು. ಹತ್ತಿರದ ರೂಟು, ದಿನಾ ಸಂಜೆ ಮನೆಗೆ. ಮಕ್ಕಳು ಅಪ್ಪನನ್ನು ನೆಂಟರ ಹಾಗೆ ನೋಡುವುದು ನನಗೆ ಸಾಕುಸಾಕಾಗಿತ್ತು. ಆ ಲಾರಿ ನನಗೆ ಬೇಕೇ ಬೇಕಿತ್ತು.

ಹೆಂಡತಿಯರನ್ನೂ ಕರೆದಿದ್ದರು. ಗೋದಾಮಿನ ಮೇಲಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿ ತೆರೆದರೂ ಹೋಗದ ಡೀಸೆಲ್ ವಾಸನೆ. ತರಬೇತಿ ಕೊಡುವ ಮೇಷ್ಟ್ರು ಮೊದಲು ತೂಕಡಿಸುವವರ ವಿಡಿಯೊ ಹಾಕಿದರು. ಒಬ್ಬನಂತೂ ಸ್ಟೀರಿಂಗಿಗೆ ನಮಸ್ಕಾರ ಹಾಕುತ್ತಿದ್ದ. ಎಲ್ಲರೂ ನಕ್ಕರು, ನಾನೂ ನಕ್ಕೆ.

"ಈಗ ನೋಡಿ, ಗಾಡಿ ಓಡ್ಸೋದು ಅಂದ್ರೆ ಹೀಗೆ. ನಮ್ಮ ಎಚ್ಚರಣ್ಣ!"

ಪರದೆಯ ತುಂಬ ನಮ್ಮನೆಯವರ ಮುಖ. ಹಾಡಹಗಲು. ಬೆಲ್ಟ್ ಸರಿಯಾಗಿದೆ, ಕೈ ಸ್ಟೀರಿಂಗ್ ಮೇಲಿದೆ, ಕಣ್ಣು ತೆರೆದಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಅವರು ಅಂಗಿಯ ಕಾಲರ್ ಸರಿಮಾಡಿಕೊಂಡರು. ಅಷ್ಟರಲ್ಲಿ ಪರದೆಯ ಮೇಲಿನ ಮುಖದ ದವಡೆ ಸ್ವಲ್ಪ ಜೋತುಬಿತ್ತು. ಖಾಲಿ ಕ್ಯಾಬಿನ್ನಿನಲ್ಲಿ ಯಾರಿಗೋ "ಹ್ಞೂಂ" ಅಂದಿತು.

"ಕೇಳಿದ್ರಾ? ನಿದ್ದೆ ಬರ್ಬಾರ್ದು ಅಂತ ತಮ್ ಜೊತೆ ತಾವೇ ಮಾತಾಡ್ಕೋತಾರೆ!" ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಆ "ಹ್ಞೂಂ" ನನಗೆ ಗೊತ್ತಿದ್ದದ್ದೇ. ಮನೆಯಲ್ಲಿ ಇದೊಂದು ತಮಾಷೆಯ ವಿಷಯವಾಗಿತ್ತು. ಮಂಚದ ಮೇಲೆ ಬರುವ ನಿದ್ದೆ ಲಾರಿಯಲ್ಲೂ ಬಂದೀತು ಎಂದು ಈ ದಡ್ಡಿಗೆ ಒಂದು ದಿನವೂ ಹೊಳೆದಿರಲಿಲ್ಲ. ಹೇಳಿದರೆ ಹೊಸ ಲಾರಿಯೇನು, ಇರುವ ಕೆಲಸಕ್ಕೂ ನಾನೇ ಕಲ್ಲು ಹಾಕಿದಂತೆ. ಹೇಳದಿದ್ದರೆ? ಅತ್ತ ದರಿ, ಇತ್ತ ಪುಲಿ.

"ಅವರು ನಿದ್ದೆ ಮಾಡ್ತಿದ್ದಾರೆ," ಅಂದೆ.

ಕೋಣೆಯೆಲ್ಲ ಗೊಳ್ಳೆಂದಿತು. "ಏ, ಸುಮ್ನೆ ಕೂತ್ಕೊಳ್ಳೇ. ಕಣ್ಣು ಬಿಟ್ಟಿರೋದು ಕಾಣ್ಸಲ್ವಾ?" ಎಂದು ಇವರು ನನ್ನ ಸೆರಗು ಎಳೆದರು.

"ರಸ್ತೆ ತೋರ್ಸೋ ಕ್ಯಾಮೆರಾನೂ ಇದೆಯಂತಲ್ಲ ಸಾರ್. ಅದೇ ಹೊತ್ತಿಂದು ಹಾಕಿ," ಅಂದೆ ಮೇಷ್ಟ್ರಿಗೆ.

ಮೇಷ್ಟ್ರು ನಗುತ್ತಲೇ ಹಾಕಿದರು. ಈಗ ಪರದೆಯ ಅರ್ಧದಲ್ಲಿ ಮುಖ, ಇನ್ನರ್ಧದಲ್ಲಿ ರಸ್ತೆ. "ಹ್ಞೂಂ" ಅಂದ ಮೇಲೆ ರಸ್ತೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಅಂಚಿನಲ್ಲಿ ಒಬ್ಬ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಹಿಂದಿನ ಕ್ಯಾರಿಯರಿನಲ್ಲಿ ನಮ್ಮ ಕಡೆಗೇ ಮುಖ ಮಾಡಿ ಕೂತ ಒಂದು ಹುಡುಗಿ. ಲಾರಿ ನೇರ ಅವರ ಕಡೆಗೇ ನುಗ್ಗಿತು. ಹುಡುಗಿ ಬಾಯಿ ತೆರೆದಳು. ಅಪ್ಪನೋ ಯಾರೋ, ತಿರುಗಿ ನೋಡಿದವನು ಸೈಕಲ್ ಸಮೇತ ಅವಳನ್ನು ಚರಂಡಿಗೆ ಕೆಡವಿಕೊಂಡು ತಾನೂ ಬಿದ್ದ.

ಇನ್ನರ್ಧದಲ್ಲಿ ನಮ್ಮನೆಯವರು ಎರಡು ಸಲ ರೆಪ್ಪೆ ಬಡಿದು, ಸ್ಟೀರಿಂಗ್ ಸರಿ ಮಾಡಿ, ಬಾಟಲಿ ಎತ್ತಿ ನೆಮ್ಮದಿಯಾಗಿ ನೀರು ಕುಡಿದರು.

 

"ಇವರನ್ನ ನಾನು ನೋಡೇ ಇಲ್ಲ," ಅಂದರು ನಮ್ಮನೆಯವರು. ಎದ್ದು ಪರದೆಯ ಹತ್ತಿರ ಹೋಗಿ, ಚರಂಡಿ ಇದ್ದ ಕಡೆ ಬೆರಳಿಟ್ಟರು. "ಸಾರ್, ಇದಕ್ಕೆ ಮುಂಚಿಂದು ಇದ್ಯಾ? ಹಳೇದೆಲ್ಲ?"

"ಇಲ್ಲ. ಇದೊಂದನ್ನ ಇವತ್ತಿಗೆ ಅಂತ ತೆಗೆದಿಟ್ಟಿದ್ವಿ. ಕಿರುಚದೇ ಇರೋದನ್ನ ನಾವು ನೋಡಲ್ಲ. ಅದು ತಾನಾಗೇ ಅಳಿಸಿ ಹೋಗುತ್ತೆ," ಅಂದ ಮೇಷ್ಟ್ರ ದನಿ ತಗ್ಗಿತ್ತು.

ನಮ್ಮನೆಯವರು ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಮಲಗಿದ್ದಾಗಲೆಲ್ಲ ನೋಡಿದವಳು ನಾನೇ, ಹಾಗಾಗಿ ನನಗೆ ಗೊತ್ತಿರಲೇಬೇಕು ಎಂಬಂತೆ ಕೇಳಿದರು.

"ಲೇ, ಮುಂಚೆ ಅಡ್ಡ ಸಿಕ್ಕಿದೋರಿಗೆಲ್ಲ ಹೀಗೇ ಪಕ್ಕಕ್ಕೆ ಬೀಳೋಕೆ ಆಗಿರುತ್ತಲ್ವಾ?"