ಸಿದ್ದಪ್ಪ ಗೌಂಡಿಯ ಕಮಾನು

ಗೂಡು ಎರಡನೇ ಸಲ ಕುಸಿದಾಗ ಸಿದ್ದಪ್ಪನ ತಮ್ಮ ಉಳವಪ್ಪ ಕುಣಿಯೊಳಗೆ ಮೊಣಕಾಲವರೆಗೆ ಮಣ್ಣಲ್ಲಿ ಸಿಕ್ಕಿಕೊಂಡ. ಮೇಲಿದ್ದ ಇಬ್ಬರು ಕೈಕೊಟ್ಟು ಎಳೆದರು. ಸಲಿಕೆ ಒಳಗೇ ಉಳಿಯಿತು.

"ವೈನಿ, ಇದು ಆಗೂ ಮಾತಲ್ಲ," ಬಾಯೊಳಗಿನ ಮಣ್ಣು ಉಗುಳುತ್ತ ಅಂದ. "ನಿನ್ನಿ ಮಳಿಗೆ ಮಣ್ಣೆಲ್ಲ ಸಡ್ಲ ಆಗೇತಿ. ಗೂಡು ಬ್ಯಾಡ. ಅಣ್ಣನ್ನ ಹಂಗ ಮಲಗಿಸಿ ಬಿಡೂಣು."

ಸತ್ತವರನ್ನು ಮಲಗಿಸುವುದು ಅವರ ಮನೆತನದಲ್ಲಿ ಇಲ್ಲ. ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಅಂಗೈಯಲ್ಲಿ ಲಿಂಗ ಕೊಟ್ಟು, ಕಾಲು ಮಡಚಿ ಕೂರಿಸುತ್ತಾರೆ. ಸಿದ್ದಪ್ಪನ ಹೆಂಡತಿ ಬಸವಣ್ಣೆವ್ವ ದಂಡೆಯ ಮೇಲೆ ಕೂತವಳು ತಲೆ ಎತ್ತಿದಳು.

"ಕುಂದರಸ್ರಿ. ಮೂವತ್ತು ವರ್ಷ ಆ ಮನಶ್ಯಾ ಮನ್ಯಾಗ ಸಮಾಧಾನಲೇ ಕುಂತಿಲ್ಲ. ಇವತ್ತರ ಕುಂದರ್ಲಿ."

ನಿನ್ನೆ ಬೆಳಗಾವಿಯ ಮಹಾಂತೇಶ ನಗರದಲ್ಲಿ, ಮಗಳು ಸಾಕ್ಷಿಯ ಮನೆಯಲ್ಲಿ, ಚಹಾ ಕುಡಿದು ಬಸಿ ಕೆಳಗಿಟ್ಟವನು ಹಾಗೆಯೇ ಗೋಡೆಗೆ ಒರಗಿ ತೀರಿಕೊಂಡಿದ್ದ. ಸ್ವಂತ ಊರಾದ ಬೀಡಿಗೆ ತಂದು ಪಡಸಾಲೆಯಲ್ಲಿ ಕೂರಿಸಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಈಗಾಗಲೇ ಮಧ್ಯಾಹ್ನ ಎರಡು ದಾಟಿತ್ತು.

* * *

ಸಿದ್ದಪ್ಪ ಹಳೇ ಗೋವಾದ ಬಸಿಲಿಕಾ ಚರ್ಚಿನಲ್ಲಿ ಗೋಡೆ ದುರಸ್ತಿಯ ಗೌಂಡಿಯಾಗಿದ್ದ. ದಸರಾ ಮುಗಿದೊಡನೆ ಹೊರಟರೆ ಜೂನಿನ ಮಿರಗದ ಮಳೆಗೇ ತಿರುಗಿ ಬರುತ್ತಿದ್ದ. ವರ್ಷಕ್ಕೆ ಎಂಟು ತಿಂಗಳು ಅವನು ಮನೆಯಲ್ಲಿಲ್ಲ. ಯಾರಾದರೂ ಕೇಳಿದರೆ ಬಸವಣ್ಣೆವ್ವ "ಸವತಿ ಮನಿಗೆ ಹೋಗ್ಯಾರ" ಎನ್ನುತ್ತಿದ್ದಳು.

ಮದುವೆಯಾಗಿ ಹನ್ನೆರಡು ವರ್ಷಕ್ಕೆ ಆ ಸವತಿಯನ್ನು ನೋಡಿಯೇ ಬಿಡೋಣವೆಂದು ಹೊರಟಳು. ಬಸಿಲಿಕಾದ ಒಳಗೆ ಮುಗಿಲೆತ್ತರದ ಬಂಗಾರದ ಬಣ್ಣದ ಪೀಠ, ಸಂತನ ದೇಹವಿಟ್ಟ ಬೆಳ್ಳಿಯ ಪೆಟ್ಟಿಗೆ. ಜನ ಬಾಯಿ ತೆರೆದು ನೋಡುತ್ತಿದ್ದರು. ಸಿದ್ದಪ್ಪ ಅದನ್ನೆಲ್ಲ ದಾಟಿಸಿ ಹೆಂಡತಿಯನ್ನು ಹೊರಗಿನ ಗೋಡೆಗೆ ಕರೆದುಕೊಂಡು ಹೋದ. ನಾನೂರು ವರ್ಷದ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ. ಅದಕ್ಕೆ ಹೊರಗಿನಿಂದ ದಪ್ಪನೆಯ ಅರ್ಧ ಕಮಾನುಗಳು ಒತ್ತಿಕೊಂಡು ನಿಂತಿದ್ದವು.

"ಗೋಡಿ ಹೊರಗ ಬಾಗಬಾರದಂತ ಹಿಂದಾಗಡೆ ಕಟ್ಟ್ಯಾರ ಇವನ್ನ. ಮುದುಕಿ ಕೈಯಾಗ ಬಡಿಗಿ ಕೊಟ್ಟಂಗ," ಎಂದ. "ಮೊದಲ ಈ ಗೋಡಿಗೆ ಗಚ್ಚಿನ ಗಿಲಾವ್ ಇತ್ತು. ನಮ್ಮಪ್ಪನ ಕಾಲದಾಗ ಯಾರೋ ಶಾಣ್ಯಾರು, ಹಳೇದು ಹಳೇದರಂಗ ಕಾಣಬೇಕಂತ ಕೆರೆದು ತಗಸಿದ್ರು. ಅಂಗಿ ಬಿಚ್ಚಿ ಮಳ್ಯಾಗ ನಿಂದ್ರಿಸಿದಂಗ ಆತು. ಅವಾಗಿಂದ ಕಲ್ಲು ನೀರು ಕುಡದ ಕುಡದ ಉದರತಾವು. ಉದರಿದ್ದನ್ನ ತಗದು ಬ್ಯಾರೇದ ಕುಂದರಸೂದು ನಮ್ಮ ಕೆಲಸ."

"ನೀವು ಕುಂದರಿಸಿದ್ದು ಯಾವುದ್ರಿ?"

"ಹುಡುಕು."

ಅರ್ಧ ಗೋಡೆಗೆ ಕೈಯಾಡಿಸಿದರೂ ಅವಳಿಗೆ ಗೊತ್ತಾಗಲಿಲ್ಲ. ಗಂಡ ಅಷ್ಟು ಖುಷಿಯಿಂದ ನಕ್ಕಿದ್ದನ್ನು ಅವಳು ಅದಕ್ಕೂ ಮೊದಲು ಕಂಡಿರಲಿಲ್ಲ. ಜಗಳ ತೆಗೆಯಲು ಹೋದವಳು ಒಂದು ಸೇರು ಗೋಡಂಬಿ ಕಟ್ಟಿಸಿಕೊಂಡು ಊರಿಗೆ ಬಂದಳು.

* * *

ಕಣಕುಂಬಿಯಿಂದ ಸುಮಿತ ಪಿಕಪ್ ಗಾಡಿಯಲ್ಲಿ ಬಂದಿಳಿದ. ಸಿದ್ದಪ್ಪನ ಕೈಕೆಳಗೆ ಗೌಂಡಿ ಕೆಲಸ ಕಲಿತು, ಇಪ್ಪತ್ತು ವರ್ಷ ಅವನ ಜೊತೆ ಬಸಿಲಿಕಾದ ಗೋಡೆ ಹತ್ತಿಳಿದವನು. ಮನೆಮಾತು ಮರಾಠಿ. ಅತ್ತುಕೊಂಡೇ ಬಂದವನು ಕುಣಿ ನೋಡಿದ ಕೂಡಲೇ ಅಳು ಮರೆತ.

"ಕಾಕೂ, ಕಮಾನ್ ಕಟ್ಟೂಣು. ನಿಮ್ಮ ಬಿದ್ದ ದನದ ಮನಿ ಕಲ್ಲು ಅದಾವಲ್ಲ?" ಎಂದ ಬಸವಣ್ಣೆವ್ವನಿಗೆ.

"ಗಚ್ಚು ಗಟ್ಟಿ ಆಗಾಕ ತಿಂಗಳ ಬೇಕಲ್ಲೋ," ಎಂದ ಉಳವಪ್ಪ.

"ಗಚ್ಚು ಯಾತಕ್ರಿ? ಕಲ್ಲಿಗೆ ಕಲ್ಲು ಒತ್ತಿ ನಿಂದರತೈತಿ. ಖರೇ ಹೇಳತೇನಿ, ಉಸ್ತಾದ್ ಕಲಿಸಿದ್ದದ."

ಕುಸಿದ ಮಣ್ಣನ್ನೇ ಗೂಡಿನ ಆಕಾರಕ್ಕೆ ಒಟ್ಟಿ, ನೀರು ಚಿಮುಕಿಸಿ ತಟ್ಟಿದರು. ಅದರ ಮೇಲೆ ಎರಡೂ ಕಡೆಯಿಂದ ಕಲ್ಲು ಕೆತ್ತಿ ಕೆತ್ತಿ ಕೂರಿಸುತ್ತ ಬಂದು, ನಟ್ಟನಡುವಿನ ಕಲ್ಲನ್ನು ಮೇಲಿನಿಂದ ಬಡಿದು ಇಳಿಸಿದರು. ಮೇಲೆ ಮಣ್ಣು ತುಂಬಿದರು. ಆಮೇಲೆ ಸುಮಿತ ಕಮಾನಿನ ಕೆಳಗಿನ ಮಣ್ಣನ್ನು ಬೊಗಸೆ ಬೊಗಸೆಯಾಗಿ ತೆಗೆದ. ಕಲ್ಲುಗಳು ಒಂದು ಕೂದಲೆಳೆಯಷ್ಟು ಕೆಳಗಿಳಿದು ನಿಂತವು.

ಭಜನೆಯ ಸದ್ದಿನೊಂದಿಗೆ ಟ್ರ್ಯಾಕ್ಟರ್ ಬಂತು. ಸಿದ್ದಪ್ಪ ಹೂವಿನ ನಡುವೆ, ಹಣೆತುಂಬ ವಿಭೂತಿ ಬಳಿದುಕೊಂಡು ಕೂತಿದ್ದ. ಇನ್ನು ನಾಲ್ಕು ಜನ ಕಮಾನಿನ ಕೆಳಗೆ ಹೋಗಿ ಅವನನ್ನು ಕೂರಿಸಬೇಕು. ಸುಮಿತ ಕುಣಿಯಲ್ಲೇ ನಿಂತು ಮೇಲೆ ನೋಡಿದ. ಒಬ್ಬರೂ ಇಳಿಯಲಿಲ್ಲ. ಕ್ರಿಯೆ ಮಾಡಿಸುವ ಅಯ್ಯನವರು ಉಳವಪ್ಪನನ್ನು ನೋಡಿದರು. ಉಳವಪ್ಪ ಮೋಡ ನೋಡಿದ.

ಬಸವಣ್ಣೆವ್ವ ಎದ್ದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು.

"ವೈನಿ, ಹೆಣ್ಮಕ್ಳು ಕುಣಿಗೆ ಇಳಿಯೂದಿಲ್ಲ."

"ನೀ ಇಳೀತಿಯೇನು?"

ಸಾಕ್ಷಿ ಓಡಿಬಂದು ತೋಳು ಹಿಡಿದಳು. "ಅವ್ವಾ, ಬ್ಯಾಡ. ಬಿದ್ದರ ಏನ್ ಮಾಡೂದು?"

"ಬಿಡವಾ ಕೈ. ಅಷ್ಟ ದೊಡ್ಡ ಬಸಿಲಿಕಾಕ್ಕ ನಿಮ್ಮಪ್ಪ ಕಲ್ಲು ಕುಂದರಿಸ್ಯಾರ. ಅವರು ಕಲಿಸಿದ ಕಮಾನು ನನ್ನ ತಲಿ ಮ್ಯಾಲೆ ಯಾಕ ಬೀಳತೈತಿ?"

ಮೂರು ಮೆಟ್ಟಿಲು ಇಳಿದು, ಬಗ್ಗಿ, ಗಂಡ ಕೂರಬೇಕಾದ ಜಾಗದಲ್ಲಿ ಕಾಲು ಮಡಚಿ ಕೂತಳು. ಒಂದು ಹಿಡಿ ಮಣ್ಣು ಉದುರಿ ಹೆಗಲ ಮೇಲೆ ಬಿತ್ತು. ಮೇಲೆ ಯಾರೋ ಚೀರಿದರು. ಅವಳು ಅಲುಗಲಿಲ್ಲ. ಬೆನ್ನನ್ನು ಹಿಂದಿನ ಗೋಡೆಗೆ ಆನಿಸಿ ತಲೆಯೆತ್ತಿದಳು. ಕಲ್ಲು ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ತನ್ನ ಬದುಕಿನಲ್ಲಿ ಕಳೆದುಹೋದವೆಂದುಕೊಂಡ ಆ ಎಂಟೆಂಟು ತಿಂಗಳುಗಳೆಲ್ಲ ಎಲ್ಲಿಗೆ ಹೋದವೆಂದು ಅವಳಿಗೆ ಈಗ ತಿಳಿಯಿತು. ಗಂಡನ ಮೇಲೆ, ಸುಮಿತನ ಮೇಲೆ, ಇವರಿಬ್ಬರಿಗೂ ಕೈಗುಣ ಕೊಟ್ಟ ಆ ದೂರದ ಮುದಿ ಬಸಿಲಿಕಾದ ಮೇಲೆ ಪ್ರೀತಿ ಉಕ್ಕಿ, ನಿನ್ನೆಯಿಂದ ಬಾರದ ಅಳು ಬಂತು. ಮನಸಾರೆ ಅತ್ತಳು. ಅತ್ತು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಭಾಳ ಚೊಲೋ ಕಟ್ಟಿಯೋ ತಮ್ಮಾ," ಎಂದಳು ಸುಮಿತನಿಗೆ. ಮೇಲೆ ನೋಡಿ ಕೂಗಿದಳು: "ತರ್ರಿ ಅವರನ್ನ."

ಈಗ ಜನ ನಾ ಮುಂದೆ ತಾ ಮುಂದೆ ಎಂದು ಇಳಿದರು. ಎಲ್ಲರಿಗಿಂತ ಮೊದಲು ಉಳವಪ್ಪ. ಸಿದ್ದಪ್ಪನನ್ನು ಕೂತ ಹಾಗೆಯೇ ಕೆಳಗಿಳಿಸಿದರು. ಬಸ್ಸಿನಲ್ಲಿ ಸೀಟು ಹಿಡಿದು ಗಂಡನ ದಾರಿ ಕಾದವಳಂತೆ ಬಸವಣ್ಣೆವ್ವ ನೆಲದ ಮೇಲಿನ ಹೆಂಟೆಗಳನ್ನು ಅಂಗೈಯಿಂದ ಸವರಿ, ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟುಕೊಟ್ಟಳು.