ಏಣಿಯ ಮೇಲೆ ಅರ್ಧ ವಚನ

ಹೇಗೆ ಶುರುಮಾಡುವುದು? ಈ ಕಥೆಗೆ ಮೊದಲು ಬರೆದಿದ್ದ ವಾಕ್ಯ ಎಷ್ಟು ಚೆನ್ನಾಗಿತ್ತೆಂದರೆ, ಪ್ರಿಂಟರ್ ಕರೆಂಟಿಲ್ಲದೆಯೇ ನೂರು ಪ್ರತಿ ತೆಗೆದು ಬಿಕ್ಕಿ ಬಿಕ್ಕಿ ಅತ್ತಿತು. ಉಳಿದ ವಾಕ್ಯಗಳಿಗೆ ಹೊಟ್ಟೆಕಿಚ್ಚಾಗಬಾರದೆಂದು ಕಥೆಗಾರ ಅದನ್ನು ಹೊಡೆದುಹಾಕಿದ. (ನಂಬದಿದ್ದರೂ ಮುಂದೆ ಓದಿ.)

೧. ಬೋರ್ಡು ಬರೆಯುವ ಪೇಂಟರ್ ಏಣಿ ಹತ್ತಿ, ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಬೈಬಲಿನ ವಚನವೊಂದನ್ನು ಬರೆಯುತ್ತಿದ್ದಾನೆ. ಕೆಳಗೆ ಹೆಂಡತಿ ಬಣ್ಣ ಕಲಸುತ್ತಿದ್ದಾಳೆ. [ಮೊದಲ ಡ್ರಾಫ್ಟಿನಲ್ಲಿ ಗೋಡೆ ಏಳು ಅಂತಸ್ತಿನದಾಗಿತ್ತು. ಪೇಂಟರ್ ಕಥೆಗಾರನ ಜೊತೆ ಜಗಳಕ್ಕೆ ನಿಂತ ಮೇಲೆ ಎರಡಕ್ಕಿಳಿಯಿತು.]

"ರೀ, ಮೇಲಿನ ಮೆಟ್ಟಿಲು ಬಿರುಕು ಬಿಟ್ಟಿದೆ. ಇಳೀರಿ."

"ಶುರುವಾಯ್ತಾ ಉಪದೇಶ? ಮೊದಲು ಇದನ್ನ ಓದು."

ಗೋಡೆಯ ಮೇಲೆ, ಇನ್ನೂ ಹಸಿ ಬಣ್ಣದಲ್ಲಿ: ಸಲಹೆ ಕೊಡುವವರ ವಿಷಯದಲ್ಲಿ ಎಚ್ಚರದಿಂದಿರು.

"ದೇವರೇ ನನ್ನ ಪಕ್ಷ ಕಣೇ!"

"ಕೆಳಗಿನ ಸಾಲು?"

"ಅದಿನ್ನೂ ಸೀಮೆಸುಣ್ಣದಲ್ಲಿದೆ. ಬಣ್ಣ ಬೀಳೋವರೆಗೆ ಲೆಕ್ಕಕ್ಕಿಲ್ಲ."

(ಅವನು ಅಕ್ಷರ ನೋಡುತ್ತಾನೆ, ಅರ್ಥ ನೋಡುವುದಿಲ್ಲ. ಅರ್ಥ ನೋಡಿದರೆ ಒತ್ತಕ್ಷರ ಸೊಟ್ಟಗಾಗುತ್ತದಂತೆ.)

೨. [ಇಲ್ಲಿ ಅವನು ಬಿದ್ದು, ಅವಳು ಪುಟಗಟ್ಟಲೆ ಅಳುವುದಿತ್ತು. "ಅವರು ಬೀಳಲ್ಲ, ನಾನು ಅಳಲ್ಲ. ಬೇರೆ ಬರೀರಿ" ಎಂದು ಅವಳು ಕಥೆಗಾರನತ್ತ ಬ್ರಷ್ ಎತ್ತಿದಳು. ಡ್ರಾಫ್ಟ್ ಡಿಲೀಟ್.]

೩. ತಲೆಕಟ್ಟು ದಪ್ಪ ಮಾಡಲೆಂದು ಅವನು ಆ ಬಿರುಕು ಬಿಟ್ಟ ಮೆಟ್ಟಿಲಿಗೇ ಕಾಲೆತ್ತಿದ. ಅವಳು ಓಡಿ ಬಂದು ಎರಡೂ ಕೈಯಲ್ಲಿ ಏಣಿ ಹಿಡಿದಳು.

"ಕೆಳಗಿನ ಸಾಲು ಓದಿ, ಆಮೇಲೆ ಹತ್ತಿ."

ಗೊಣಗುತ್ತಲೇ ಓದಿದ: ಅವರಿಗೇನು ಬೇಕೆಂದು ಮೊದಲು ತಿಳಿದುಕೋ.

ಗೆದ್ದವನಂತೆ ಬಗ್ಗಿ ನೋಡಿದ. "ಹೇಳು, ನಾನು ಇಳಿದರೆ ನಿನಗೇನು ಲಾಭ?"

"ನನಗಾ? ಮೂಳೆ ಮುರೀದ ಗಂಡ ಸಿಗ್ತಾನೆ. ಬೇರೆ ಸ್ಟಾಕ್ ಇಲ್ಲ ನನ್ನ ಹತ್ರ."

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ತಾನೇ ಬರೆದ ವಚನ ಅವನಿಗೆ ಆಗ ಅರ್ಥವಾಯಿತು. ಸಲಹೆಯಲ್ಲಿ ಸ್ವಾರ್ಥ ಇತ್ತು, ನಿಜ. ಆ ಸ್ವಾರ್ಥ ಏಣಿಯ ಮೇಲೆ ಬ್ರಷ್ ಹಿಡಿದು ನಿಂತಿತ್ತು.

ಇಳಿದ. ಅವಳು ಹಿಡಿದಿದ್ದ ಏಣಿ ಬಿಟ್ಟಳು. ಅವನೂ ಬಿಟ್ಟ.

೪. ಮುಕ್ತಾಯ, ಒಂದನೆಯ ಬಗೆ: ಅವನ ಪಾದ ನೆಲ ಮುಟ್ಟಿದ್ದೇ ತಡ, ಏಣಿ ಸಿಡಿಲು ಬಡಿದಂತೆ ಎರಡು ಹೋಳಾಯಿತು. ಊರೇ ನಡುಗಿತು. ದೂರದ ಸಮುದ್ರದಲ್ಲಿ ಹಡಗೊಂದು...

"ಎಲ್ಲಿ ಮುರೀತು ಸ್ವಾಮಿ?" ಪೇಂಟರ್ ಏಣಿ ಅಲುಗಾಡಿಸಿದ. "ನಿಂತೇ ಇದೆಯಲ್ಲ!"

"ಪಾಪ, ಈ ಕಥೆಗಾರರಿಗೆ ಬುದ್ಧಿ ಹೇಳೋರು ಮನೇಲಿ ಯಾರೂ ಇಲ್ವೇನೋ" ಎಂದಳು ಹೆಂಡತಿ.

ಸಿಕ್ಕಿಬಿದ್ದ ಕಥೆಗಾರ ಒಪ್ಪಿಕೊಳ್ಳುತ್ತಾನೆ: ಏಣಿ ಮುರಿಯಲಿಲ್ಲ. ಗಂಡ ಹೆಂಡತಿ ಬೇರೆ ಏಣಿ ಕೇಳಿ ತರಲು ಹೋಗಿದ್ದಾರೆ. ಅವನು ಇನ್ನೊಂದು ಮೆಟ್ಟಿಲು ಹತ್ತಿದ್ದರೆ ಏನಾಗುತ್ತಿತ್ತೋ, ಬರೆದವನಿಗೂ ಗೊತ್ತಿಲ್ಲ. ಹತ್ತಿಸಿ ನೋಡಲು ಮನಸ್ಸು ಬರಲಿಲ್ಲ.