ನೀಲಿ ಶರ್ಟಿನ ಕಾಜಾ

ಅಪ್ಪನ ಬಲಗೈಯನ್ನು ಶರ್ಟಿನ ತೋಳಿಗೆ ತೂರಿಸಿ, ಆಮೇಲೆ ಮಗಳು ಎಡಗೈಗೆ ಬಂದಳು. ಸೋತ ಕೈ ಮೊದಲು, ಗಟ್ಟಿ ಕೈ ಆಮೇಲೆ. ಆಸ್ಪತ್ರೆಯವರು ಹೇಳಿಕೊಟ್ಟಿದ್ದ ಕ್ರಮ. ಈಗ ಎರಡು ಕೈಗೂ ವ್ಯತ್ಯಾಸವಿಲ್ಲ ಅನ್ನುವುದು ಅವಳಿಗೆ ಅರ್ಧ ಕೆಲಸ ಮುಗಿದ ಮೇಲೆ ಹೊಳೆಯಿತು.

"ಈ ನೀಲಿ ಶರ್ಟ್ ಯಾಕೆ ತಂದ್ರಿ ಅತ್ತೆ? ಬೀರೂನಲ್ಲಿ ಬಿಳೀದಿತ್ತಲ್ಲ," ಎಂದಳು.

ಸೋದರತ್ತೆ ಮೂಗೊರೆಸಿಕೊಂಡಳು. "ಅಣ್ಣ ತಾನೇ ಕತ್ತರಿಸಿ ಹೊಲಿದಿದ್ದು ಕಣೇ ಇದು. ಹುಷಾರು ತಪ್ಪೋಕೆ ಮುಂಚೆ ಹೊಲಿದ ಕೊನೇ ಶರ್ಟು. ಊರಿಗೆಲ್ಲ ಹೊಲಿದೋನು ತಾನು ಹೊಲಿದಿದ್ದನ್ನೇ ಹಾಕ್ಕೊಂಡು ಹೋಗ್ಲಿ ಬಿಡು."

ಹೊರಗಿನ ಕೋಣೆಯಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಕೊನೆಯ ದರ್ಶನಕ್ಕೆ ಬಂದವರು ಕೂತಿದ್ದರು. ಪಕ್ಕದ ಮನೆಯ ಡ್ರೈವರ್ ಮಾಮನ ದನಿ ಇಲ್ಲಿಯವರೆಗೂ ಕೇಳುತ್ತಿತ್ತು. ಬಸ್ಸಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು. ಮೆಲ್ಲಗೆ ಮಾತಾಡಿದರೂ ಬೀದಿಗೆ ಕೇಳಿಸಬೇಕು.

"ನಂಗೆ ಸ್ಟ್ರೋಕ್ ಹೊಡೆದಿದ್ದು ದೊಡ್ಡದು. ಬಾಯಿ ಒಂದು ಕಡೆ, ಕೈ ಒಂದು ಕಡೆ. ಹೊತ್ಕೊಂಡು ಹೋದ್ರು. ನಮ್ಮ ಟೈಲರ್ ಮಾಸ್ಟ್ರು ಆಸ್ಪತ್ರೆಗೆ ನಡ್ಕೊಂಡು ಹೋದೋರು. ನರ್ಸಿಗೆ 'ನಿನ್ನ ಯೂನಿಫಾರಂ ಭುಜ ಇಳಿದಿದೆಯಮ್ಮ, ತಂದುಕೊಡು ಸರಿಮಾಡ್ತೀನಿ' ಅಂದ್ರಂತೆ. ಈಗ ನಾನಿಲ್ಲಿ ಟೀ ಕುಡೀತಿದೀನಿ." ಲೋಟ ಕೆಳಗಿಟ್ಟ ಸದ್ದು. "ದಿನಾ ಬಂದು ಹೇಳ್ತಿದ್ದೆ. ಮನಸ್ಸು ಮಾಡಿ ಮಾಸ್ಟ್ರೇ ಅಂತ."

"ಮಾಡ್ಲಿಲ್ಲವಲ್ಲ," ಎಂದಳು ಅಮ್ಮ. "ಕೂತ್ರೆ ಕೂತೇ ಬಿಡೋರು. ಜೀವಮಾನವೆಲ್ಲ ಮೆಷಿನ್ ತುಳಿದ ಮನುಷ್ಯ, ಕೊನೆಗೆ ಸೋಮಾರಿ ಆಗ್ಬಿಟ್ರು."

ಯಾರೋ ಹೌದೌದು ಎಂದರು. ಮಗಳ ಕೈ ಅಪ್ಪನ ಎದೆಯ ಮೇಲೆ ನಿಂತುಹೋಯಿತು.

*

ಅಪ್ಪ ಆಸ್ಪತ್ರೆಯಿಂದ ಬಂದ ವಾರದಲ್ಲೇ ಅಮ್ಮ ಅವರ ಶರ್ಟುಗಳಿಗೆಲ್ಲ ಟಿಚ್ ಬಟನ್ ಹಾಕಿಸಿದ್ದಳು, ಒತ್ತಿದರೆ ಸಾಕು ಅನ್ನುವಂಥವು. ಮಗಳು ಈ ನೀಲಿ ಶರ್ಟಿನದನ್ನು ಕಿತ್ತು ಮತ್ತೆ ಗುಂಡಿ ಹೊಲಿದಳು.

"ಡ್ರೈವರ್ ಮಾಮ ಬಸ್ ಸ್ಟಾಂಡಿನವರೆಗೂ ನಡೀತಾರೆ. ನಿಮಗೆ ಬಂದಿದ್ದು ಅದರ ಕಾಲು ಭಾಗನೂ ಅಲ್ಲ. ಗುಂಡಿ ಹಾಕ್ಕೊಂಡ ಮೇಲೇ ಕಾಫಿ."

"ಆರಿ ಹೋಗುತ್ತಲ್ಲೇ."

"ಹಾಗಾದ್ರೆ ಬೇಗ ಹಾಕ್ಕೊಳ್ಳಿ."

ಅಪ್ಪ ಅರ್ಧ ಬಾಯಲ್ಲಿ ನಕ್ಕರು. ಅವಳಿಗೆ ಕಾಜಾ ಕಲಿಸಿದ್ದು ಅವರೇ. ಗುಂಡಿ ತೂರುವ ಆ ಸಣ್ಣ ಸೀಳಿಗೆ ಅಂಚು ಕಟ್ಟುವಾಗ ಒಂದು ಎಳೆ ಆಚೀಚೆಯಾದರೂ ಕಿತ್ತು ಕೈಗೆ ಕೊಡುತ್ತಿದ್ದರು: "ಮತ್ತೆ ಮೊದಲಿಂದ." ಅವಳು ಅಳುತ್ತ ಕಲಿತಳು, ಕೊನೆಗೆ ಅಪ್ಪನಿಗಿಂತ ಚೆನ್ನಾಗಿ ಕಲಿತಳು. ಹಾಗಾಗಿ ಅವಳಿಗೆ ಗೊತ್ತಿದ್ದ ಔಷಧಿಯೂ ಅದೊಂದೇ. ಅಪ್ಪ ಗುಂಡಿಯನ್ನು ತಪ್ಪು ಕಾಜಾಕ್ಕೆ ಹಾಕಿಕೊಂಡರೆ ಎಲ್ಲವನ್ನೂ ಬಿಚ್ಚಿ, "ಮತ್ತೆ ಮೊದಲಿಂದ" ಅನ್ನುತ್ತಿದ್ದಳು.

ಕಿಟಕಿಯ ಹತ್ತಿರ ಕೂತು ಅಪ್ಪ ಶುರುಮಾಡುತ್ತಿದ್ದರು. ನಡುವೆ ಏನು ಮಾಡುತ್ತಿದ್ದೆ ಅನ್ನುವುದೇ ಮರೆತಂತೆ ಹೊರಗೆ ನೋಡುತ್ತ ಉಳಿಯುತ್ತಿದ್ದರು. ಎದ್ದರೆ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತಲ್ಲೇ ನಿಲ್ಲುತ್ತಿದ್ದರು.

"ನಾಟಕ ಸಾಕಪ್ಪ," ಎಂದು ಅವಳು ಮೆಷಿನ್ ಮುಂದಿನಿಂದಲೇ ಕೂಗುತ್ತಿದ್ದಳು.

ಅಪ್ಪ ಮತ್ತೆ ಮೇಲಿನ ಗುಂಡಿಗೆ ಕೈ ಹಾಕುತ್ತಿದ್ದರು.

*

ಹೋದ ತಿಂಗಳು ಡಾಕ್ಟರು ಮಗಳೊಬ್ಬಳನ್ನೇ ಒಳಗೆ ಕರೆದು, ಹೊಸ ಸ್ಕ್ಯಾನನ್ನು ದೀಪದ ಮುಂದೆ ಹಿಡಿದಿದ್ದರು.

"ಸ್ಟ್ರೋಕ್ ಸಣ್ಣದೇ. ಆದ್ರೆ ಈ ಬಿಳೀ ಕಲೆಗಳನ್ನ ನೋಡಿ. ಮಿದುಳಿನ ಒಳಗೆ ಕೂದಲೆಳೆಯಂಥ ರಕ್ತನಾಳಗಳಿರ್ತವೆ. ಬಿಪಿಯಿಂದ ಅವು ವರ್ಷಗಟ್ಟಲೆ ಹಾಳಾಗ್ತಾ ಬಂದಿವೆ, ಯಾರಿಗೂ ಗೊತ್ತಾಗದ ಹಾಗೆ. ಒಂದು ಜಾಗ ಕೆಟ್ಟಾಗ ಉಳಿದ ಜಾಗ ಅದರ ಕೆಲಸ ಕಲೀಬೇಕು. ಇವರಿಗೆ ಕಲಿಯಬೇಕಾದ ಜಾಗಾನೇ ಸೋತಿದೆ. ಅದಕ್ಕೇ ನಿಧಾನ, ಮಂಕು, ಕಾಲು ಕೀಳೋಕಾಗದೆ ನಿಂತುಬಿಡೋದು."

ನವೆದ ಬಟ್ಟೆ, ಅಂದುಕೊಂಡಳು ಅವಳು. ಹೊಸ ಬಟ್ಟೆ ಎಷ್ಟುದ್ದ ಹರಿದರೂ ಹೊಲಿಯಬಹುದು. ನವೆದ ಬಟ್ಟೆಯಲ್ಲಿ ಸಣ್ಣ ತೂತಿಗೂ ಹೊಲಿಗೆ ನಿಲ್ಲುವುದಿಲ್ಲ. ದಾರ ಎಳೆದ ಕಡೆಯೇ ಬಿಡುತ್ತದೆ.

"ಅಂದ್ರೆ ಸೋಮಾರಿತನ ಅಲ್ವಾ?"

"ಯಾರು ಹೇಳಿದ್ರು? ನೀವು ಸುಲಭವಾಗಿ ಮಾಡೋ ಕೆಲಸಕ್ಕೆ ಅವರು ಪೂರ್ತಿ ಶಕ್ತಿ ಹಾಕ್ತಿರ್ತಾರೆ. ಅಭ್ಯಾಸ ಬಿಡಿಸಬೇಡಿ. ಆದ್ರೆ ಅವರಿಗಾದಷ್ಟು, ಬೈದಲ್ಲ."

ಹೊರಗೆ ಬೆಂಚಿನ ಮೇಲೆ ಅಪ್ಪ ಕಾಯುತ್ತಿದ್ದರು, ಶರ್ಟಿನ ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ಅವಳನ್ನು ಕಂಡದ್ದೇ ತಾವಾಗಿಯೇ ಬಿಚ್ಚತೊಡಗಿದರು.

"ಡಾಕ್ಟ್ರು ಏನಂದ್ರು?" ಎಂದು ಅಮ್ಮ ಕೇಳಿದಾಗ, "ನಿಧಾನ ಆಗುತ್ತಂತೆ" ಎಂದಷ್ಟೇ ಹೇಳಿದಳು. ಪೂರ್ತಿ ಹೇಳಿದರೆ ಆರಿಹೋದ ಕಾಫಿಗಳ ಲೆಕ್ಕವನ್ನೂ ಒಪ್ಪಿಸಬೇಕಿತ್ತು. ಟಿಚ್ ಬಟನ್ ಮತ್ತೆ ಹಾಕೋಣವೆಂದು ಮೆಷಿನ್ ಮೇಲೆ ತೆಗೆದಿಟ್ಟಳು. ಶಾಲೆಯ ಯೂನಿಫಾರಂ ಕೆಲಸ ಮೈಮೇಲೆ ಬಂದಿತ್ತು. ಅದು ಮುಗಿಯುವ ಮೊದಲೇ ಅಪ್ಪನಿಗೆ ಎರಡನೆಯ ಸಲ ಹೊಡೆಯಿತು.

*

ಗಾಡಿ ಬಂದು ಹಾರ್ನ್ ಮಾಡಿತು. ಎಲ್ಲರೂ ಒಳಗೆ ಬಂದರು.

"ಮೇಲಿನ ಗುಂಡಿ ಬಿಟ್ಟೇ ಇದೆ ನೋಡು," ಎಂದಳು ಅಮ್ಮ. "ಕೊನೇವರೆಗೂ ಸರಿಯಾಗಿ ಹಾಕ್ಕೊಳ್ಳೋಕೆ ಮನಸ್ಸು ಮಾಡ್ಲಿಲ್ಲ ಈ ಮನುಷ್ಯ."

"ಅಮ್ಮ, ಅಪ್ಪ ಸೋಮಾರಿ ಆಗಿರಲಿಲ್ಲ."

"ಆಯ್ತು ಬಿಡು ಪುಟ್ಟಿ, ಈಗ್ಯಾಕೆ," ಎಂದಳು ಅತ್ತೆ.

"ಅವರ ಮಿದುಳಿನ ನಾಳಗಳೆಲ್ಲ ಮೊದಲೇ ಸೋತಿದ್ವಂತೆ. ಸ್ಟ್ರೋಕ್ ಸಣ್ಣದಾದ್ರೂ ಚೇತರಿಸ್ಕೊಳ್ಳೋಕೆ ಒಳಗೆ ಏನೂ ಉಳಿದಿರಲಿಲ್ಲ. ಡಾಕ್ಟ್ರು ನಂಗೆ ಹೇಳಿದ್ರು. ನಾನು ನಿನಗೆ ಹೇಳ್ಲಿಲ್ಲ." ಅವಳು ಅಪ್ಪನ ಕಾಲರ್ ನೋಡುತ್ತ ಮಾತಾಡಿದಳು. "ಟಿಚ್ ಬಟನ್ ಕಿತ್ತಿದ್ದೂ ನಾನೇ."

ಅಮ್ಮ ಅವಳನ್ನೇ ನೋಡುತ್ತ ನಿಂತಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸರಿ ಮಗಳೇ. ತಾಳು, ನಾನು ಹಾಕ್ತೀನಿ," ಎಂದು ಡ್ರೈವರ್ ಮಾಮ ಪಕ್ಕದಲ್ಲಿ ಕೂತು ಬಗ್ಗಿದ. ಸ್ಟ್ರೋಕಿನಿಂದ ಗೆದ್ದು ಬಂದ ಕೈ. ಸಲೀಸಾಗಿ ಗುಂಡಿ ತೂರಿಸಿತು. ಕೈ ತೆಗೆದ ಕೂಡಲೇ ಗುಂಡಿ ಹೊರಬಂತು. ಮತ್ತೆ ತೂರಿಸಿದ. ಮತ್ತೆ ಹೊರಬಂತು.

ಅವನು ಕಣ್ಣು ಕಿರಿದು ಮಾಡಿ ಹತ್ತಿರದಿಂದ ನೋಡಿದ. ಬಟ್ಟೆಯಲ್ಲಿ ಇನ್ನೂ ಅಂಗಡಿಯ ಹೊಳಪಿತ್ತು. ಕಾಜಾದ ಅಂಚಿನ ಹೊಲಿಗೆ ಮಾತ್ರ ಪೂರ್ತಿ ಬಿಟ್ಟು, ಎಳೆಗಳು ಜೂಲು ಜೂಲಾಗಿ, ಬೆರಳಿನ ಜಿಡ್ಡಿಗೆ ಕಪ್ಪಾಗಿ, ಎರಡು ಗುಂಡಿ ಒಟ್ಟಿಗೆ ಹೋಗುವಷ್ಟು ಅಗಲವಾಗಿತ್ತು. ಅದರ ಕೆಳಗಿನದೂ ಹಾಗೇ. ಅದರ ಕೆಳಗಿನದೂ.

ಹೊರಗೆ ಮತ್ತೆ ಹಾರ್ನ್ ಆಯಿತು. ಡ್ರೈವರ್ ಮಾಮ ಏಳಲಿಲ್ಲ. ಮೇಲಿನ ಗುಂಡಿಯನ್ನು ಇನ್ನೊಮ್ಮೆ ತೂರಿಸಿ, ಅದು ಜಾರದ ಹಾಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಹಾಗೇ ಕೂತ.